ಕಿಲೋಮೀಟರ್ ಇರಲಿ, ತಾಸು ಎಷ್ಟು?

ಫೋಟೊ ಬಂದದ್ದು ರಾತ್ರಿ ಹನ್ನೊಂದೂವರೆಗೆ. ಕೆಂಪು ಕಾರು, ಎರಡೇ ಬಾಗಿಲು, ಎರಡೇ ಸೀಟು. ಪುಣೆಯ ಯಾವುದೋ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಹೊಟ್ಟೆ ಇನ್ನೇನು ನೆಲಕ್ಕೆ ತಾಗಬೇಕು ಅನ್ನುವ ಹಾಗೆ ಕೂತಿದೆ. ಕೆಳಗೆ ಅಕ್ಕನ ಮಗನ ಒಂದೇ ಸಾಲು: ‘ಮಾಮಾ, ಹನ್ನೊಂದ್ ವರ್ಷದಾಗ ಬರೇ ಹದಿನೆಂಟ್ ಸಾವಿರದ ನಾಕನೂರ ಕಿಲೋಮೀಟರ್ ಓಡೇತ್ರಿ. ತಗೊಳ್ಳೇನ್ರಿ?’

ಯಾವ ಕಂಪನಿಯದು ಎನ್ನುವುದು ಇಲ್ಲಿ ಬೇಡ. ಜರ್ಮನಿಯದು, 2014ರದು, ಹೊಸದಿದ್ದಾಗ ಅರ್ಧ ಕೋಟಿ ದಾಟಿದ್ದು. ಈಗ ಹತ್ತೊಂಬತ್ತು ಲಕ್ಷಕ್ಕೆ ಕೊಡುತ್ತಾರಂತೆ. ಹುಡುಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ, ಮದುವೆಯಾಗಿಲ್ಲ, ಸಾಲವಿಲ್ಲ. ನನ್ನನ್ನು ಯಾಕೆ ಕೇಳಿದ ಎಂದರೆ, ನಾನು ಕಾರಿನ ಪಂಡಿತ ಅಂತಲ್ಲ. ಈ ಭಾಗದಲ್ಲಿ ನಾಲ್ಕಾರು ಹಳೆ ಟ್ರ್ಯಾಕ್ಟರ್, ಎರಡು ಹಳೆ ಕಾರು ಕೊಂಡವನು; ಅದರಲ್ಲಿ ಒಂದರಲ್ಲಿ ಚೆನ್ನಾಗಿ ಮೋಸ ಹೋದವನು. ಮೋಸ ಹೋದವನ ಸಲಹೆಗೆ ಮನೆಯಲ್ಲಿ ಯಾವಾಗಲೂ ಬೆಲೆ ಜಾಸ್ತಿ.

ನಮ್ಮೂರು ಹೊಸರಿತ್ತಿ. ವರದಾ ನದಿಯ ಮಗ್ಗುಲಿನ ಎರೆ ಭೂಮಿ. ಗುದ್ಲೆಪ್ಪ ಹಳ್ಳಿಕೇರಿಯವರು ಹುಟ್ಟಿದ ಊರು, ಗಾಂಧಿ ಗ್ರಾಮೀಣ ಗುರುಕುಲ ಇರುವ ಊರು. ಖಾದಿ, ಚರಕ, ಸರಳ ಬದುಕು ಎಂದು ಹೆಸರಾದ ಊರಿಗೆ ಎರಡು ಸೀಟಿನ ಕೆಂಪು ಕಾರು ಬರುವುದನ್ನು ನೆನೆಸಿಕೊಂಡು ಮೊದಲು ನಗು ಬಂತು. ಆಮೇಲೆ ಅನ್ನಿಸಿತು, ಹಾವೇರಿ ಜಿಲ್ಲೆಯವರು ಶೋಕಿಯ ಓಟಕ್ಕೆ ದುಡ್ಡು ಸುರಿಯುವುದು ಹೊಸದೇನಲ್ಲವಲ್ಲ! ನಮ್ಮ ಕೊಬ್ಬರಿ ಹೋರಿ ಮತ್ತೇನು? ಅದಕ್ಕೆ ನೇಗಿಲು ಕಟ್ಟುವುದಿಲ್ಲ, ಚಕ್ಕಡಿ ಹೂಡುವುದಿಲ್ಲ. ದೀಪಾವಳಿಗೆ ಶುರುವಾದ ಹೋರಿ ಹಬ್ಬದಲ್ಲಿ ಮೈಮೇಲೆ ಜೂಲ, ಕೊರಳಿಗೆ ಒಣಕೊಬ್ಬರಿ ಸರ, ಕೊಂಬಿಗೆ ಬಲೂನು ಕಟ್ಟಿಸಿಕೊಂಡು ಜನರ ನಡುವೆ ಬಾಣದಂತೆ ನುಗ್ಗಿ ಹೋಗುತ್ತದೆ. ಕೊಬ್ಬರಿ ಹರಿದವನದು ಗೆಲುವು, ಹರಿಯಗೊಡದೆ ದಾಟಿದರೆ ಹೋರಿಯದು. ಒಂದು ಓಟ ಅರ್ಧ ನಿಮಿಷವೂ ಇರುವುದಿಲ್ಲ. ಅಂಥ ಹೋರಿಗೆ ಲಕ್ಷಗಟ್ಟಲೆ ಕೊಟ್ಟು ತರುವವರು ನಮ್ಮ ನಡುವೆಯೇ ಇದ್ದಾರೆ. ಲೆಕ್ಕ ಹಾಕಿದರೆ ಅದು ಜಿಲ್ಲೆಯ ಅತಿ ಕಡಿಮೆ ಓಡಿದ ವಾಹನ.

ಆದರೆ ಹೋರಿ ಕೊಳ್ಳುವವನು ‘ಎಷ್ಟು ಓಡಿದೆ’ ಎಂದು ಕೇಳುವುದಿಲ್ಲ. ಓಡದ ದಿನ ಏನು ಮಾಡುತ್ತಿತ್ತು ಎಂದು ಕೇಳುತ್ತಾನೆ. ದಿನಾ ನಡೆಸುತ್ತಿದ್ದರೇ? ಹೊಳೆಯಲ್ಲಿ ಈಜಿಸುತ್ತಿದ್ದರೇ? ಹುರುಳಿ, ಹತ್ತಿಕಾಳು ಯಾರ ಕೈಯಿಂದ ತಿಂದಿತು? ವರ್ಷವಿಡೀ ಗ್ವಾದಲಿಯಲ್ಲಿ ಸುಮ್ಮನೆ ಕಟ್ಟಿಹಾಕಿದ ಹೋರಿಯನ್ನು ಹಬ್ಬದ ದಿನ ಬಿಟ್ಟರೆ ಅಖಾಡದ ಅರ್ಧಕ್ಕೇ ಕಾಲು ಹಿಡಿದುಕೊಳ್ಳುತ್ತದೆ. ಹುಡುಗನಿಗೆ ಮರುದಿನ ಬೆಳಗ್ಗೆ ಇದನ್ನೇ ಹೇಳಿದೆ: ‘ಓಡಿಲ್ಲ ಅನ್ನೂದ ಗುಣ ಅಲ್ಲೋ ತಮ್ಮಾ. ಯಾಕ ಓಡಿಲ್ಲ, ಹೆಂಗ ಓಡಿಲ್ಲ, ಅದನ್ನ ಹೇಳು.’

18,400 ಕಿಲೋಮೀಟರನ್ನು ಹನ್ನೊಂದು ವರ್ಷಕ್ಕೆ ಹಂಚಿ ನೋಡಿ. ವರ್ಷಕ್ಕೆ 1,670ರ ಆಚೀಚೆ, ತಿಂಗಳಿಗೆ 140, ದಿನಕ್ಕೆ ಐದು ಕಿಲೋಮೀಟರೂ ಇಲ್ಲ. ಈಗ ಇಬ್ಬರು ಮಾಲೀಕರನ್ನು ಊಹಿಸಿಕೊಳ್ಳಿ. ಒಬ್ಬರು ತಿಂಗಳಿಗೆ ಎರಡು ಭಾನುವಾರ ಬೆಳಗ್ಗೆ ಕಾರು ತೆಗೆದು ಹೆದ್ದಾರಿಯಲ್ಲಿ ಹೋಗಿಬರುವುದೂ ಸೇರಿ ಎಪ್ಪತ್ತು ಕಿಲೋಮೀಟರ್ ಓಡಿಸುತ್ತಾರೆ. ಇನ್ನೊಬ್ಬರು ದಿನಾ ಮನೆಯಿಂದ ಎರಡು ಕಿಲೋಮೀಟರ್ ದೂರದ ಕ್ಲಬ್ಬಿಗೆ ಹೋಗಿ ಬರುತ್ತಾರೆ. ಮೀಟರಿನಲ್ಲಿ ಇಬ್ಬರದೂ ಹೆಚ್ಚುಕಡಿಮೆ ಒಂದೇ ಅಂಕಿ. ಎಂಜಿನ್ನಿಗೆ ಮಾತ್ರ ಅವೆರಡು ಬೇರೆ ಬೇರೆ ಜನ್ಮ.

ಎಂಜಿನ್ ಉರಿದಾಗ ಹುಟ್ಟುವ ಹೊಗೆಯಲ್ಲಿ ನೀರಿನ ಆವಿ ಇರುತ್ತದೆ. ಅದರಲ್ಲಿ ತುಸು ಪಿಸ್ಟನ್ನಿನ ಸಂದಿಯಿಂದ ಕೆಳಗಿಳಿದು ಆಯಿಲ್ ಸೇರುತ್ತದೆ, ಜೊತೆಗೆ ಉರಿಯದ ಪೆಟ್ರೋಲಿನ ಹನಿಯೂ. ಎಂಜಿನ್ ಪೂರ್ತಿ ಕಾದು ಅರ್ಧ ತಾಸು ಓಡಿದರೆ ಆ ನೀರು, ಪೆಟ್ರೋಲು ಆವಿಯಾಗಿ ಹೊರಟುಹೋಗುತ್ತವೆ. ಎರಡು ಕಿಲೋಮೀಟರಿಗೆ ಆಯಿಲ್ ಬೆಚ್ಚಗೂ ಆಗುವುದಿಲ್ಲ. ನೀರು ಅಲ್ಲೇ ಉಳಿದು ಆಯಿಲ್ ಹುಳಿಯುತ್ತದೆ. ಆಯಿಲ್ ಹಾಕುವ ಮುಚ್ಚಳ ತಿರುವಿ ಒಳಮೈ ನೋಡಿದರೆ ಮಜ್ಜಿಗೆ ಬಣ್ಣದ ನೊರೆ ಮೆತ್ತಿಕೊಂಡಿರುವುದು ಇದರಿಂದಲೇ. (ಹೆಡ್ ಗ್ಯಾಸ್ಕೆಟ್ ಹೋದರೂ ಹಾಗೆ ಕಾಣುತ್ತದೆ, ಯಾವುದು ಎಂದು ತಿಳಿಯಲು ಕೂಲೆಂಟನ್ನೂ ನೋಡಬೇಕು.) ಆದ್ದರಿಂದ ಓಡಿರಲಿ ಬಿಡಲಿ ವರ್ಷಕ್ಕೊಮ್ಮೆ ಆಯಿಲ್ ಬದಲಿಸಬೇಕು ಎನ್ನುತ್ತವೆ ಕಂಪನಿಗಳು. ‘ಹತ್ತು ಸಾವಿರ ಕಿಲೋಮೀಟರ್ ಆಗಿರಲಿಲ್ಲ, ಅದಕ್ಕೇ ಸರ್ವಿಸ್ ಮಾಡಿಸಲಿಲ್ಲ’ ಎಂದು ಮಾರುವವರು ಹೆಮ್ಮೆಯಿಂದ ಹೇಳಿದರೆ ಬೆಲೆಯಲ್ಲಿ ಐವತ್ತು ಸಾವಿರ ಅಲ್ಲೇ ಇಳಿಸಿ ಮಾತಾಡಬಹುದು.

ಮೀಟರಿನ ಅಂಕಿಯನ್ನು ನಂಬುವುದು ಹೇಗೆ ಎನ್ನುವುದು ಅದಕ್ಕೂ ಮೊದಲಿನ ಪ್ರಶ್ನೆ. ಹಿಂದೆ ಮುಳ್ಳಿನ ಮೀಟರ್ ಇದ್ದಾಗ ಬಿಚ್ಚಿ ತಿರುಗಿಸುತ್ತಿದ್ದರು. ಈಗ ಲ್ಯಾಪ್‌ಟಾಪ್ ಹಚ್ಚಿ ಹತ್ತು ನಿಮಿಷದಲ್ಲಿ ಅಂಕಿ ಇಳಿಸುವವರಿದ್ದಾರೆ. ಇಲ್ಲಿ ನಮ್ಮ ಟ್ರ್ಯಾಕ್ಟರ್ ವಿದ್ಯೆ ಉಪಯೋಗಕ್ಕೆ ಬಂತು. ರಾಣೆಬೆನ್ನೂರಿನಲ್ಲೋ ಬ್ಯಾಡಗಿಯಲ್ಲೋ ಹಳೆ ಟ್ರ್ಯಾಕ್ಟರ್ ಕೊಳ್ಳುವವನು ಕಿಲೋಮೀಟರ್ ಕೇಳಿದ್ದನ್ನು ಯಾರಾದರೂ ನೋಡಿದ್ದೀರಾ? ‘ಎಷ್ಟ್ ತಾಸ ಆಗೇತಿ?’ ಅಷ್ಟೇ. ಟ್ರ್ಯಾಕ್ಟರ್ ಹೊಲದಲ್ಲಿ ಒಂದೇ ಕಡೆ ನಿಂತು ಮಷಿನ್ನಿಗೆ ಬೆಲ್ಟು ಕೊಟ್ಟು ದಿನವಿಡೀ ದುಡಿದರೂ ಒಂದು ಗಜ ಮುಂದೆ ಹೋಗಿರುವುದಿಲ್ಲ. ಎಂಜಿನ್ನಿನ ವಯಸ್ಸನ್ನು ಅದು ನಡೆದ ದೂರದಿಂದಲ್ಲ, ಉಸಿರಾಡಿದ ಹೊತ್ತಿನಿಂದ ಅಳೆಯಬೇಕು ಎನ್ನುವುದು ನಮ್ಮ ಒಕ್ಕಲಿಗನಿಗೆ ಯಾರೂ ಹೇಳಿಕೊಡದೆ ಗೊತ್ತು.

ಇತ್ತೀಚಿನ ಹಲವು ಕಾರುಗಳ ಎಂಜಿನ್ ಕಂಪ್ಯೂಟರಿನಲ್ಲೂ ಈ ತಾಸಿನ ಲೆಕ್ಕ ಇರುತ್ತದೆ. ಮುಂದಿನ ಮೀಟರಿನಲ್ಲಿ ಕಾಣುವುದಿಲ್ಲ. ಸರಿಯಾದ ಸ್ಕ್ಯಾನರ್ ಹಚ್ಚಿದರೆ ಓದಬಹುದು. ಕಿಲೋಮೀಟರನ್ನು ತಾಸಿನಿಂದ ಭಾಗಿಸಿದರೆ ಆ ಕಾರು ಜನ್ಮದುದ್ದಕ್ಕೂ ಓಡಿದ ಸರಾಸರಿ ವೇಗ ಸಿಗುತ್ತದೆ. ಊರೊಳಗೇ ತಿರುಗಿದ ಕಾರಿಗೆ ಅದು ತಾಸಿಗೆ 20ರಿಂದ 30, ಹೆದ್ದಾರಿಯ ಕಾರಿಗೆ 40–50. 18,400 ಕಿಲೋಮೀಟರಿಗೆ 1,800 ತಾಸು ತೋರಿಸಿದರೆ ಸರಾಸರಿ 10 ಬಂತು; ಸ್ಪೋರ್ಟ್ಸ್ ಕಾರನ್ನು ಹನ್ನೊಂದು ವರ್ಷ ಸೈಕಲ್ಲಿನ ವೇಗದಲ್ಲಿ ಓಡಿಸುವ ಮನುಷ್ಯ ಹುಟ್ಟಿಲ್ಲ, ಮೀಟರಿಗೇ ಕೈ ಬಿದ್ದಿದೆ ಎಂದು ತಿಳಿಯಬೇಕು. ಪೋರ್ಷೆಯಂಥ ಕಾರುಗಳಲ್ಲಿ ಇನ್ನೊಂದು ದಾಖಲೆಯೂ ಇರುತ್ತದೆ: ಎಂಜಿನ್ ತನ್ನ ಮಿತಿ ಮೀರಿ ಎಷ್ಟು ಸಲ, ಯಾವ ಹಂತಕ್ಕೆ ತಿರುಗಿತು, ಕೊನೆಯ ಸಲ ಎಷ್ಟನೇ ತಾಸಿನಲ್ಲಿ ಎನ್ನುವುದು. ನಾಲ್ಕನೇ ಗೇರಿಗೆ ಹಾಕುವ ಬದಲು ಎರಡಕ್ಕೆ ಎಳೆದ ಒಂದು ಕ್ಷಣವನ್ನೂ ಅದು ಮರೆಯುವುದಿಲ್ಲ. ಅತ್ತೆ ಮನೆಯ ಲೆಕ್ಕದ ಹಾಗೆ.

ಹಲ್ಲಿನ ವಿಷಯಕ್ಕೆ ಬರುತ್ತೇನೆ. ದನದ ಸಂತೆಯಲ್ಲಿ ಮಾರುವವನು ಏನೇ ಹೇಳಲಿ, ಕೊಳ್ಳುವವನು ಎತ್ತಿನ ತುಟಿ ಎತ್ತಿ ನೋಡುತ್ತಾನೆ. ಹಾಲುಹಲ್ಲೋ, ಎರಡ್ಹಲ್ಲೋ, ನಾಕ್ಹಲ್ಲೋ, ಬಾಯಿಗೂಡಿದೆಯೋ. ಕಾರಿನ ಹಲ್ಲು ಟೈರಿನಲ್ಲಿದೆ. ಟೈರಿನ ಮಗ್ಗುಲಲ್ಲಿ ‘ಡಾಟ್’ ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ: 0914 ಎಂದಿದ್ದರೆ 2014ರ ಒಂಬತ್ತನೇ ವಾರ ತಯಾರಾದದ್ದು. ಕೆಲವು ಸಲ ಈ ಅಂಕಿ ಒಳಮಗ್ಗುಲಲ್ಲಿರುತ್ತದೆ, ನೆಲಕ್ಕೆ ಬಗ್ಗಿಯೇ ನೋಡಬೇಕು. ಸೀಟ್ ಬೆಲ್ಟಿನ ಬುಡದ ಚೀಟಿಯಲ್ಲೂ ತಾರೀಖು ಇರುತ್ತದೆ. ಗಾಜುಗಳ ಮೂಲೆಯ ಗುರುತು ಒಂದೇ ವರ್ಷದ್ದೇ ಎಂದು ಹೋಲಿಸಬಹುದು. ಒಂದು ಗಾಜು ಮಾತ್ರ ಬೇರೆ ವರ್ಷದ್ದಾಗಿದ್ದರೆ ಅದಕ್ಕೊಂದು ಕಥೆ ಇದ್ದೇ ಇದೆ.

ಪುಣೆಯ ಕಾರಿನ ಟೈರಿನ ಫೋಟೊ ತರಿಸಿದೆವು. ನಾಲ್ಕೂ 2014ರವು. ಹುಡುಗ ಕುಣಿದ: ‘ನೋಡ್ರಿ ಮಾಮಾ, ಒರಿಜಿನಲ್ ಟೈರ್! ಮೀಟರ್ ಖರೇ ಐತಿ.’ ಮೀಟರ್ ಖರೇ ಇರಬಹುದು ಎನ್ನುವುದಕ್ಕೆ ಅದು ಸಾಕ್ಷಿಯೇ, ಒಪ್ಪಿದೆ. ಆದರೆ ಅದೇ ಸಾಕ್ಷಿ ಇನ್ನೊಂದನ್ನೂ ಹೇಳುತ್ತಿತ್ತು. ಹನ್ನೊಂದು ವರ್ಷದ ರಬ್ಬರು ಕಲ್ಲಾಗಿರುತ್ತದೆ. ಪಟ್ಟೆ ಆಳವಾಗಿದ್ದರೂ ಮಳೆಯ ರಸ್ತೆಯಲ್ಲಿ ಹಿಡಿತ ಇರುವುದಿಲ್ಲ. ಐದು ವರ್ಷ ದಾಟಿದರೆ ವರ್ಷಕ್ಕೊಮ್ಮೆ ತೋರಿಸಿ, ಹತ್ತು ದಾಟಿದರೆ ಎಸೆಯಿರಿ ಎಂಬುದು ಟೈರು ತಯಾರಕರದೇ ಮಾತು. ಮಾರುತಿ ಕಾರಾದರೆ ಹಳೆ ಟೈರಿನಲ್ಲಿ ಹೇಗೋ ತೆವಳಬಹುದು. ಇನ್ನೂರರ ವೇಗಕ್ಕೆಂದೇ ಮಾಡಿದ ಕಾರು ಕಲ್ಲು ಟೈರಿನ ಮೇಲೆ ನಿಂತಿದೆ ಎಂದರೆ? ಮೀಟರ್ ನಿಜ ಎಂದು ಸಾಬೀತು ಮಾಡಿದ ಟೈರೇ ಒಂದು ಲಕ್ಷದ ಖರ್ಚನ್ನೂ ಸಾಬೀತು ಮಾಡಿತು.

ಟೈರು ಕಣ್ಣಿಗೆ ಕಾಣುವ ರಬ್ಬರು. ಕಾಣದ ರಬ್ಬರು ಇನ್ನೂ ಎಷ್ಟೋ ಕಡೆ ಇದೆ. ಸಸ್ಪೆನ್ಷನ್ ಬುಷ್, ಎಂಜಿನ್ ಕೂರುವ ದಿಂಬುಗಳು, ಆಯಿಲ್ ಸೀಲು, ಕೂಲೆಂಟಿನ ಪೈಪು, ಬ್ರೇಕಿನ ಹೋಸು. ಸೀಲುಗಳು ಆಯಿಲಿನಲ್ಲಿ ನೆನೆಯುತ್ತಿದ್ದರೆ ಮೆತ್ತಗಿರುತ್ತವೆ, ತಿಂಗಳುಗಟ್ಟಲೆ ಒಣಗಿದರೆ ಸೀಳುತ್ತವೆ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಿಗೆ ಕಂಪನಿಯ ಪುಸ್ತಕದಲ್ಲಿ ಇಷ್ಟು ಕಿಲೋಮೀಟರ್ ‘ಅಥವಾ’ ಇಷ್ಟು ವರ್ಷ ಎಂದಿರುತ್ತದೆ. ಆ ‘ಅಥವಾ’ ಕಡಿಮೆ ಓಡಿದ ಕಾರಿಗೆಂದೇ ಬರೆದದ್ದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಘಾಟಿಯ ಇಳಿಜಾರಿನಲ್ಲಿ ಕುದಿದು ಪೆಡಲ್ ನೆಲ ಮುಟ್ಟುತ್ತದೆ.

ಪೆಟ್ರೋಲೂ ಈಗ ಮೊದಲಿನದಲ್ಲ. 2025ರ ಹೊತ್ತಿಗೆ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ಎಥೆನಾಲ್ ಪ್ರಮಾಣ ಶೇ 20ಕ್ಕೆ ಮುಟ್ಟಿತು. ನಮ್ಮ ಭಾಗದ ಕಬ್ಬು, ಗೋವಿನಜೋಳಕ್ಕೆ ಅದರಿಂದ ಬೆಲೆ ಬರುತ್ತದೆ ಎಂದು ಸಂತೋಷಪಡುವವನು ನಾನು. ಆದರೆ ಎಥೆನಾಲ್ ನೀರು ಹೀರುವ ವಸ್ತು. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತರೆ ಹೀರಿದ ನೀರಿನೊಂದಿಗೆ ತಳಕ್ಕಿಳಿಯುತ್ತದೆ. ಈ ಮಿಶ್ರಣಕ್ಕೆ ಹೊಂದುವ ರಬ್ಬರು, ಪ್ಲಾಸ್ಟಿಕ್ಕನ್ನು ನಮ್ಮ ದೇಶದ ಹೊಸ ಕಾರುಗಳಲ್ಲಿ ಕಡ್ಡಾಯವಾಗಿ ಕೊಡತೊಡಗಿದ್ದು 2023ರ ಏಪ್ರಿಲ್‌ನಿಂದ. 2014ರ ಕಾರು ದಿನಾ ಓಡುತ್ತ ಪೆಟ್ರೋಲು ಖಾಲಿ ಮಾಡುತ್ತಿದ್ದರೆ ಅಷ್ಟು ತೊಂದರೆಯಿಲ್ಲ. ನಿಂತೇ ಇರುವ ಕಾರಿಗೆ ತೊಂದರೆ.

ಬ್ಯಾಡಗಿಯ ವ್ಯಾಪಾರಿಯ ಮುಂದೆ ಎರಡು ಹಿಡಿ ಮೆಣಸಿನಕಾಯಿ ಇಡಿ. ಒಂದೇ ಹೊಲದ್ದು, ಒಂದೇ ಕೊಯ್ಲಿನದು. ಒಂದು ಕೋಲ್ಡ್ ಸ್ಟೋರೇಜಿನಲ್ಲಿ ವರ್ಷ ಕಳೆದದ್ದು, ಇನ್ನೊಂದು ತಗಡಿನ ಶೆಡ್ಡಿನಲ್ಲಿ. ಮುರಿದು, ಮೂಸಿ, ಬಣ್ಣ ನೋಡಿ ಅವರು ಎರಡಕ್ಕೆ ಎರಡು ದರ ಹೇಳುತ್ತಾರೆ. ವಯಸ್ಸು ಒಂದೇ ಆದರೂ ಇಟ್ಟ ಜಾಗ ಬೇರೆ. ಮುಂಬೈಯ ಕಡಲಗಾಳಿಗೆ ಹೊರಗೆ ನಿಂತ ಹತ್ತು ಸಾವಿರ ಕಿಲೋಮೀಟರಿನ ಕಾರಿಗಿಂತ, ಒಣಹವೆಯಲ್ಲಿ ಸೂರಿನ ಕೆಳಗಿದ್ದು ವಾರಕ್ಕೊಮ್ಮೆ ಓಡಿದ ಐವತ್ತು ಸಾವಿರದ ಕಾರು ಎಷ್ಟೋ ಮೇಲು. ನಾನಾದರೆ ಎರಡನೆಯದಕ್ಕೇ ಹೆಚ್ಚು ಕೊಡುತ್ತೇನೆ. ಪೇಟೆಯ ದರ ಮಾತ್ರ ಮೊದಲನೆಯದಕ್ಕೇ ಹೆಚ್ಚು. ಅಂಕಿ ನೋಡಿ ಕೊಳ್ಳುವವರೇ ಹೆಚ್ಚು ಜನ ಇರುವುದರಿಂದ.

‘ಇರಲಿ ಮಾಮಾ, ಮುಂದ ರೇಟ್ ಏರತೈತಲ್ಲ? ಇಂಥಾ ಕಾರ್ ಇನ್ನ ಮ್ಯಾಲೆ ಬರೂದಿಲ್ಲ’ ಎಂದ. ಈ ಮಾತನ್ನು ಸುಮ್ಮನೆ ತಳ್ಳಿಹಾಕಲಾರೆ. 1996ರಲ್ಲಿ ತಯಾರಿಕೆ ನಿಂತ ಯಮಹಾ ಆರ್‌ಎಕ್ಸ್ 100 ಬೈಕಿಗೆ ಈಗ ಹುಡುಗರು ಕೇಳಿದಷ್ಟು ಕೊಡುವುದನ್ನು ಕಂಡಿದ್ದೇನೆ. 2021ರ ಆಗಸ್ಟಿನಲ್ಲಿ ಅಮೆರಿಕದ ಪೆಬಲ್ ಬೀಚಿನ ಹರಾಜಿನಲ್ಲಿ ಒಂದು ಮೆಕ್‌ಲಾರೆನ್ ಎಫ್1 ಎರಡು ಕೋಟಿ ಡಾಲರಿಗೂ ಹೆಚ್ಚಿಗೆ ಹೋಯಿತು. ಅದು ಇಪ್ಪತ್ತೈದು ವರ್ಷದಲ್ಲಿ ಓಡಿದ್ದು 400 ಕಿಲೋಮೀಟರೂ ಇಲ್ಲ. ಆದರೆ ಆ ಮಾದರಿಯಲ್ಲಿ ಮಾಡಿದ್ದೇ 106 ಕಾರು. ಕೊಂಡವರೂ ಓಡಿಸಲು ಕೊಂಡದ್ದಲ್ಲ. ನಿಂತೇ ಇರುವ ಆ ಕಾರಿಗೂ ಐದು ವರ್ಷಕ್ಕೊಮ್ಮೆ ಎಂಜಿನ್ ಇಳಿಸಿ ಪೆಟ್ರೋಲಿನ ಚೀಲ ಬದಲಿಸಬೇಕು. ಕಡಿಮೆ ಓಟ ಅಲ್ಲಿ ಬಂಡವಾಳ, ಯಾಕೆಂದರೆ ಅದನ್ನು ಹಾಗೇ ಉಳಿಸಲು ದುಡ್ಡು ಸುರಿಯುವವರಿದ್ದಾರೆ. ನಮ್ಮ ಹುಡುಗ ನೋಡುತ್ತಿರುವ ಕಾರು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ತಯಾರಾದದ್ದು. ಅದನ್ನು ಓಡಿಸಲು ಕೊಂಡರೆ ಕಡಿಮೆ ಓಟಕ್ಕೆಂದು ಕೊಟ್ಟ ಹೆಚ್ಚುವರಿ ದುಡ್ಡು ಮೊದಲ ವರ್ಷವೇ ರಸ್ತೆಯಲ್ಲಿ ಸವೆಯುತ್ತದೆ. ಓಡಿಸದೆ ಇಟ್ಟರೆ ಅವನು ಕೊಂಡದ್ದಾದರೂ ಏನನ್ನು?

ಬಿಡಿಭಾಗದ ಮಾತೂ ಇದೆ. 1998ರಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ನಮ್ಮದೇ ದೇಶದ ಎರಡು ಸೀಟಿನ ಕಾರು ಬಂದಿತ್ತು. ಫೈಬರ್ ಮೈ, ರೆನೊ ಕಂಪನಿಯ ಸಣ್ಣ ಎಂಜಿನ್. ಹೆಚ್ಚು ಮಾರಾಟವಾಗಲಿಲ್ಲ. 2015ರಲ್ಲಿ ಫಿಯೆಟ್ ತಂದ ಅಬಾರ್ತ್ ಪುಂಟೊಗೆ 145 ಅಶ್ವಶಕ್ತಿ. ಓಡಿಸಿದವರು ಇವತ್ತಿಗೂ ಹೊಗಳುತ್ತಾರೆ. 2019ರ ಹೊತ್ತಿಗೆ ಫಿಯೆಟ್ ಕಾರುಗಳೇ ಇಲ್ಲಿ ನಿಂತುಹೋದವು. ಇಂಥ ಕಾರು ಕೊಳ್ಳುವವರು ಕಾರಿನ ಜೊತೆಗೆ ಬಿಡಿಭಾಗ ಹುಡುಕುವ ಒಂದು ಉದ್ಯೋಗವನ್ನೂ ಕೊಳ್ಳುತ್ತಾರೆ. ಕೆಲವರಿಗೆ ಅದೇ ಖುಷಿ. ನಮ್ಮ ಹುಡುಗ ಅಂಥವನಲ್ಲ, ಸ್ಕೂಟರಿನ ಪಂಕ್ಚರಿಗೂ ಫೋನ್ ಮಾಡುವವನು.

ಕಾಗದದ ವಿಷಯ ಚುಟುಕಾಗಿ ಮುಗಿಸುತ್ತೇನೆ. ನೀರಸ, ಆದರೆ ದುಡ್ಡು ಹೆಚ್ಚು ಸೋರುವುದು ಇಲ್ಲೇ. ಮಹಾರಾಷ್ಟ್ರದ ನಂಬರಿನ ಕಾರು ಕರ್ನಾಟಕಕ್ಕೆ ಬಂದರೆ ಅಲ್ಲಿಂದ ನಿರಾಕ್ಷೇಪಣಾ ಪತ್ರ ತಂದು ಇಲ್ಲಿ ಹೊಸ ನಂಬರ್ ಪಡೆಯಬೇಕು. ಬೇರೆ ರಾಜ್ಯದ ನಂಬರಿನಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳಲು ಮೋಟಾರು ವಾಹನ ಕಾಯ್ದೆ ಬಿಡುವುದಿಲ್ಲ. ಜೊತೆಗೆ ಇಲ್ಲಿನ ಜೀವಿತಾವಧಿ ತೆರಿಗೆ. ಇಪ್ಪತ್ತು ಲಕ್ಷ ದಾಟಿದ ಕಾರಿಗೆ ನಮ್ಮ ರಾಜ್ಯದಲ್ಲಿ ತೆರಿಗೆ ಶೇ 18, ಮೇಲೆ ಸೆಸ್. ಹಳೆ ಕಾರಿಗೆ ವಯಸ್ಸಿಗೆ ತಕ್ಕಂತೆ ಅದರಲ್ಲೊಂದು ಪಾಲು ಬೀಳುತ್ತದೆ, ನಿಜ. ಆದರೆ ಲೆಕ್ಕ ಶುರುವಾಗುವುದು ಹುಡುಗ ಕೊಡುವ ಹತ್ತೊಂಬತ್ತು ಲಕ್ಷದಿಂದಲ್ಲ, ಕಾರು ಹೊಸದಿದ್ದಾಗಿನ ಅರ್ಧ ಕೋಟಿಯಿಂದ. ಬರುವ ಮೊತ್ತದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಬಂದೀತು. ತಪ್ಪಿಸಿಕೊಂಡು ಓಡಾಡುತ್ತೇನೆ ಎನ್ನುವವರು 2025ರ ಜುಲೈನಲ್ಲಿ ಬೆಂಗಳೂರಿನಲ್ಲಿ ಸಿಕ್ಕಿಬಿದ್ದ ಕೆಂಪು ಫೆರಾರಿಯನ್ನು ನೆನೆಯಲಿ. ಅದೂ ಮಹಾರಾಷ್ಟ್ರದ ನಂಬರಿನದೇ, ಕಟ್ಟಿದ್ದು 1.4 ಕೋಟಿ ರೂಪಾಯಿಗೂ ಮಿಕ್ಕಿ.

2014ರ ಕಾರಿನ ನೋಂದಣಿ 2029ಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಪರೀಕ್ಷೆಗೆ ನಿಲ್ಲಿಸಿ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಜಾರಿಯಾದ ದರದಲ್ಲಿ ಸಾಮಾನ್ಯ ಕಾರಿಗೆ 5,000, ಆಮದು ಕಾರಿಗೆ 40,000. ವಿಮೆಯಲ್ಲೂ ಒಂದು ತಮಾಷೆ ಇದೆ. ಸಾದಾ ಪಾಲಿಸಿಯಲ್ಲಿ ರಬ್ಬರು, ಪ್ಲಾಸ್ಟಿಕ್, ಟೈರು, ಬ್ಯಾಟರಿಗೆ ಅರ್ಧ ಹಣವನ್ನು ನೇರವಾಗಿ ಕಡಿಯುತ್ತಾರೆ. ನಿಂತ ಕಾರಿನಲ್ಲಿ ಹಾಳಾಗುವುದೂ ಅವೇ.

ಕೊನೆಗೆ ಪುಣೆಗೆ ಹೋದೆವು. ಹುಬ್ಬಳ್ಳಿಯಿಂದ ಸ್ಕ್ಯಾನರ್ ಸಮೇತ ಒಬ್ಬ ಮಿಸ್ತ್ರಿಯನ್ನು ಜೊತೆಗೆ ಕರೆದುಕೊಂಡೆವು. ಅವನ ದಿನಗೂಲಿ, ಊಟ, ಬಸ್ಸಿನ ಖರ್ಚು ನೋಡಿ ಅಕ್ಕ ಮುಖ ಸಿಂಡರಿಸಿದಳು. ಹತ್ತೊಂಬತ್ತು ಲಕ್ಷದ ವ್ಯವಹಾರದಲ್ಲಿ ಸಾರ್ಥಕವಾಗಿ ಖರ್ಚಾದ ಮೊದಲ ದುಡ್ಡು ಅದು.

ಮಾರುವವರು ನಿವೃತ್ತರು, ಸಭ್ಯರು. ಬೆಳಗ್ಗೆ ಎಂಟಕ್ಕೆ ಹೋದಾಗ ಚಹಾ ಕೊಟ್ಟರು, ಮೈಸೂರು ನೋಡಿದ್ದನ್ನು ನೆನೆದರು. ಮಿಸ್ತ್ರಿ ಚಹಾ ಮುಟ್ಟದೆ ನೆಲಮಾಳಿಗೆಗೆ ಇಳಿದು ಬಾನೆಟ್ ಮೇಲೆ ಅಂಗೈ ಇಟ್ಟ. ಬಿಸಿ. ‘ನೀವು ಬರ್ತೀರಂತ ಆರೂವರೆಗೇ ಸ್ವಲ್ಪ ಸ್ಟಾರ್ಟ್ ಮಾಡಿಟ್ಟೆ’ ಎಂದರು ಅವರು, ಮಗುವಿಗೆ ಸ್ನಾನ ಮಾಡಿಸಿ ತಯಾರು ಮಾಡಿದ ಧಾಟಿಯಲ್ಲಿ. ಇದರಲ್ಲಿ ಮೋಸವೇ ಇತ್ತು ಎನ್ನಲಾರೆ. ಆದರೆ ರಾತ್ರಿಯಿಡೀ ತಣ್ಣಗಿದ್ದ ಎಂಜಿನ್ ಮೊದಲ ಸಲ ಎದ್ದಾಗಿನ ಸದ್ದು, ಹೊಗೆಯ ಬಣ್ಣ, ಬ್ಯಾಟರಿಯ ಎಳೆತ ಹೇಳುವುದನ್ನು ಬೆಚ್ಚಗಿನ ಎಂಜಿನ್ ಹೇಳುವುದಿಲ್ಲ. ಮರುದಿನ ಮತ್ತೆ ಬರುತ್ತೇವೆ, ಮುಟ್ಟಬೇಡಿ ಎಂದು ಕೇಳಿಕೊಂಡೆವು. ಪುಣೆಯಲ್ಲಿ ಒಂದು ರಾತ್ರಿ ಹೆಚ್ಚಾಯಿತು.

ಮರುದಿನ ತಣ್ಣಗಿನ ಎಂಜಿನ್ ಮೂರು ಸಲ ಕೆಮ್ಮಿ ಎದ್ದಿತು. ಸ್ಕ್ಯಾನರಿನಲ್ಲಿ ಬಂದದ್ದು 652 ತಾಸು. ಭಾಗಿಸಿದರೆ ತಾಸಿಗೆ 28 ಕಿಲೋಮೀಟರ್. ಮೀಟರ್ ಸುಳ್ಳು ಹೇಳಿರಲಿಲ್ಲ. ಪೆಡಲಿನ ರಬ್ಬರು ಹೊಸದರಂತೆ, ಸ್ಟಿಯರಿಂಗಿನ ತೊಗಲು ಒಂದು ಕಡೆಯೂ ನುಣುಪಾಗಿಲ್ಲ, ಹತ್ತಿ ಇಳಿಯುವಾಗ ಉಜ್ಜುವ ಸೀಟಿನ ಅಂಚು ಗಟ್ಟಿಯಾಗಿತ್ತು. ಹುಡುಗನ ಮುಖ ಅರಳಿತು. ಆಮೇಲೆ ಸರ್ವಿಸ್ ಪುಸ್ತಕ ತೆರೆದೆವು. ಮೊದಲ ನಾಲ್ಕು ವರ್ಷ ನಾಲ್ಕು ಮೊಹರು, ಅಚ್ಚುಕಟ್ಟು. 2018ರ ನಂತರ 2023ರವರೆಗೆ ಖಾಲಿ. ಐದು ವರ್ಷ ಅದೇ ಆಯಿಲ್, ಅದೇ ಬ್ರೇಕಿನ ದ್ರವ. ಮಗ ವಿದೇಶಕ್ಕೆ ಹೋದ, ಆಮೇಲೆ ಕೊರೋನಾ ಬಂತು, ಕಾರು ನಿಂತಿತು ಎಂದರು. ಎಷ್ಟೋ ಮನೆಗಳ ಕಥೆ ಅದು. ಮುದುಕರಿಗೆ ಮಗನ ಕಾರು ಮಾರಲು ಮನಸ್ಸಿಲ್ಲ, ಓಡಿಸಲು ಬರುವುದಿಲ್ಲ.

ಗ್ಯಾರೇಜೊಂದರ ರ್‍ಯಾಂಪಿಗೆ ಹತ್ತಿಸಿ ಕೆಳಗಿನಿಂದ ನೋಡಿದಾಗ ಉಳಿದದ್ದು ಕಂಡಿತು. ಹಿಂದಿನ ಬುಷ್‌ಗಳು ಬಿರಿದ ಎರೆ ಹೊಲದಂತಿದ್ದವು. ಡಿಸ್ಕಿನಲ್ಲಿ ಪ್ಯಾಡ್ ಕಚ್ಚಿಕೊಂಡು ನಿಂತ ಜಾಗದಲ್ಲಿ ತುಕ್ಕಿನ ಅಚ್ಚು; ಬ್ರೇಕ್ ಒತ್ತಿದರೆ ಪೆಡಲ್ ಕಾಲಿಗೆ ತಟ್ಟುತ್ತಿತ್ತು. ಒಂದು ತಾಸು ಓಡಿಸಿ ತಂದು ನಿಲ್ಲಿಸಿದ ಮೇಲೆ, ಅಲ್ಲಿಯವರೆಗೆ ಒಣಗಿದ್ದ ಎಂಜಿನ್ ತಳದಲ್ಲಿ ಸೀಲಿನಿಂದ ಆಯಿಲ್ ಬೆವರಿತು. ಇದನ್ನು ಬರೆದಿಟ್ಟುಕೊಳ್ಳಿ: ಸೋರಿಕೆ ನೋಡಬೇಕಾದ್ದು ಹೋಗುವ ಮೊದಲಲ್ಲ, ಬಂದ ಮೇಲೆ. ವೈರಿಂಗ್ ಮಾತ್ರ ಇಲಿ ಮುಟ್ಟದೆ ಉಳಿದಿತ್ತು. ನಮ್ಮೂರಿನ ಗೋವಿನಜೋಳದ ಗೋದಾಮಿನ ಪಕ್ಕ ಐದು ವರ್ಷ ನಿಂತಿದ್ದರೆ ವೈರೇ ಇರುತ್ತಿರಲಿಲ್ಲ.

ಟೈರು, ಬುಷ್ ಮತ್ತು ಶಾಕ್ ಅಬ್ಸಾರ್ಬರ್, ಬ್ರೇಕು, ಬೆಲ್ಟು, ಬ್ಯಾಟರಿ, ಸೀಲು, ಎಲ್ಲ ದ್ರವಗಳು. ಮಿಸ್ತ್ರಿ ಸಿಗರೇಟು ಪಾಕೀಟಿನ ಹಿಂದೆ ಬರೆದ ಮೊತ್ತ ನಾಲ್ಕು ಲಕ್ಷ. ತೆರಿಗೆ ಬೇರೆ. ಮಾಡಿಸಿದರೆ ಕಾರು ಕೆಟ್ಟದ್ದಲ್ಲ ಎಂದೂ ಅವನೇ ಹೇಳಿದ: ಎಂಜಿನ್ನಿನ ಒಳಗೆ ಸದ್ದಿಲ್ಲ, ಅಪಘಾತವಾಗಿಲ್ಲ, ಬಣ್ಣದ ದಪ್ಪ ಎಲ್ಲ ಕಡೆ ಒಂದೇ. ಹಾಗಾಗಿ ನಾನು ಹೇಳಿದ್ದು ಬೇಡ ಎಂದಲ್ಲ. ಹದಿನಾಲ್ಕಕ್ಕೆ ಕೊಟ್ಟರೆ ಕಣ್ಣು ಮುಚ್ಚಿ ತಗೋ, ಹದಿನೈದಕ್ಕೆ ಯೋಚಿಸು, ಹತ್ತೊಂಬತ್ತಕ್ಕೆ ನಮಸ್ಕಾರ ಮಾಡಿ ಬಸ್ಸು ಹತ್ತು. ಸಂತೆಯಲ್ಲಾದರೆ ದಲ್ಲಾಳಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಒಂದು ಗಳಿಗೆಯಲ್ಲಿ ಮುಗಿಸುತ್ತಿದ್ದ. ಇಲ್ಲಿ ಎಲ್ಲರ ಎದುರು ಬಾಯಿಬಿಟ್ಟು ಹೇಳಬೇಕಾಯಿತು. ಅವರು ಮಗನನ್ನು ಕೇಳಿ ಹೇಳುತ್ತೇನೆ ಎಂದರು.

ಉತ್ತರ ಬರುವ ಮೊದಲೇ ದೀಪಾವಳಿ ಬಂತು, ಹುಡುಗ ಊರಿಗೆ ಬಂದ. ಮನೆಯಲ್ಲಿ ಫೋಟೊ ತೋರಿಸಿದಾಗ ಅಕ್ಕ ಕನ್ನಡಕ ಹಾಕಿಕೊಂಡು ನೋಡಿ ಒಂದೇ ಪ್ರಶ್ನೆ ಕೇಳಿದಳು: ‘ಹಿಂದಿನ ಸೀಟ್ ಎಲ್ಲೈತೊ? ನಾ ಎಲ್ಲಿ ಕುಂದ್ರಲಿ?’ ಸ್ಕ್ಯಾನರಿನಲ್ಲಿ ಬಾರದ ತೊಡಕು ಅದು.

ಇನ್ನೊಂದು ತೊಡಕು ರಸ್ತೆಯಲ್ಲಿತ್ತು. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಮೇಲೆ ಹಾಕಿದ ಡಾಂಬರು ಎರಡು ವರ್ಷದಲ್ಲಿ ಅಲೆ ಅಲೆಯಾಗುತ್ತದೆ. ಸುಗ್ಗಿಯಲ್ಲಿ ಅದರ ಅರ್ಧ ಅಗಲಕ್ಕೆ ಗೋವಿನಜೋಳ ಒಣಹಾಕಿರುತ್ತಾರೆ. ಇವುಗಳ ನಡುವೆ ಊರೂರಿನ ಹಂಪುಗಳು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯಂತೆ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಅಷ್ಟು ಅಗಲದ ದಿಣ್ಣೆಯಾದರೆ ತಗ್ಗಿನ ಕಾರೂ ನಿಧಾನಕ್ಕೆ ಹತ್ತಿ ಇಳಿಯುತ್ತದೆ. ಊರವರು ತಾವೇ ಮಣ್ಣು, ಕಲ್ಲು ಹಾಕಿಕೊಂಡ ಹಂಪು ಹಾಗಲ್ಲ. ಅದು ಗೋಡೆ. ಮುಂದಿನ ಗಾಲಿ ಆಚೆ ಇಳಿದಾಗ ಹಿಂದಿನದು ಈಚೆ ಇರುತ್ತದೆ, ಹಂಪು ಹೊಟ್ಟೆಯ ಕೆಳಗೆ. ಆ ಕೆಂಪು ಕಾರಿನ ಹೊಟ್ಟೆಗೂ ನೆಲಕ್ಕೂ ಇರುವ ಅಂತರ 12 ಸೆಂಟಿಮೀಟರ್ ಚಿಲ್ಲರೆ.

ಪಾಡ್ಯದ ಬೆಳಗ್ಗೆ, ಹೋರಿ ಬಿಡುವ ಗದ್ದಲ ಶುರುವಾಗುವ ಮೊದಲು, ಹುಡುಗ ನನ್ನಿಂದ ಟೇಪು ಇಸಿದುಕೊಂಡು ಹೋದ. ಹಿಂದಿನಿಂದ ನಾನೂ ಹೋದೆ. ಊರ ಬಾಗಿಲ ಹಂಪಿನ ಮೇಲೆ ಒಂದು ಕೋಲು ಅಡ್ಡ ಹಿಡಿದು, ಮಂಡಿಯೂರಿ ಕೂತು ಎತ್ತರ ಅಳೆಯುತ್ತಿದ್ದ. ಹದಿನೈದು ಬಂತು. ಮತ್ತೆ ಅಳೆದ, ಹದಿನೈದೇ. ಕಾಲರಿನ ಅಂಗಿ, ಕಿವಿಯಲ್ಲಿ ಫೋನಿನ ಗುಂಡಿ, ಕೈಯಲ್ಲಿ ಟೇಪು. ಹೊಲದ ಕಡೆ ಹೊರಟಿದ್ದ ಮುದುಕರೊಬ್ಬರು ಸೈಕಲ್ ನಿಲ್ಲಿಸಿ, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ಬಹಳ ಮರ್ಯಾದೆಯಿಂದ ಕೇಳಿದರು:

‘ಸಾಹೇಬ್ರ, ಅಳತಿ ಆತಲ್ರಿ. ಇನ್ನ ಡಾಂಬರ ಯಾವಾಗ ಹಾಕ್ತೀರಿ?’